ಓದುಗರ ಪ್ರಶ್ನೆ: ಹತ್ತು ವರ್ಷಕ್ಕೇ ತಡ ಆಯ್ತಾ?

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ರೋಲರ್ ಸ್ಕೇಟಿಂಗ್‌ಗೆ ಹೋಗುತ್ತಾಳೆ, ಸ್ಪೀಡ್ ಸ್ಪರ್ಧೆಯಲ್ಲಿ ಒಂದೆರಡು ಪದಕವೂ ಬಂದಿವೆ. ಈಗ ಮೊಬೈಲ್‌ನಲ್ಲಿ ಐಸ್ ಮೇಲಿನ ಫಿಗರ್ ಸ್ಕೇಟಿಂಗ್ ನೋಡಿ ಅದೇ ಬೇಕು ಅಂತ ಹಟ ಹಿಡಿದಿದ್ದಾಳೆ. ಹೊರದೇಶದಲ್ಲಿ ಮೂರು ವರ್ಷಕ್ಕೇ ಶುರು ಮಾಡ್ತಾರಂತೆ. ತಡ ಆಯ್ತಾ? ಪಾಟ್ಲಿ ಅಡ ಇಟ್ಟಾದರೂ ಕಲಿಸೋಣ ಅಂತಿದ್ದೇನೆ.
– ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ

ಉತ್ತರ: ಪಾಟ್ಲಿ ಸದ್ಯ ಕೈಯಲ್ಲೇ ಇರಲಿ ಅಕ್ಕಾ.

ಬೇಗ ಶುರು ಮಾಡ್ತಾರೆ ಅನ್ನೋದು ನಿಜ. ಅಮೆರಿಕದ ನೇಥನ್ ಚೆನ್ ಮೂರು ವರ್ಷಕ್ಕೆ, ಜಪಾನಿನ ಯುಜುರು ಹನ್ಯು ನಾಲ್ಕಕ್ಕೆ ಐಸ್ ಮೇಲೆ ಕಾಲಿಟ್ಟವರು. ಆದರೆ ಒಂದು ನಿಯಮ ಬದಲಾಗಿದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ 15 ವರ್ಷದ ಸ್ಕೇಟರ್ ಕಮಿಲಾ ವಲಿಯೆವಾ ಡೋಪಿಂಗ್ ಗದ್ದಲದ ನಡುವೆ ಬಿದ್ದು ಎದ್ದು ಅತ್ತಿದ್ದನ್ನು ಜಗತ್ತೇ ನೋಡಿತು. ಅದೇ ವರ್ಷ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸೀನಿಯರ್ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು ತೀರ್ಮಾನಿಸಿತು. ಜೂನಿಯರ್ ಶುರುವಾಗೋದು 13ಕ್ಕೆ. ಅಂದರೆ ನಿಮ್ಮ ಮಗಳಿಗೆ ಸಮಯ ಇದೆ. ಹಾಗಂತ ಹೊರದೇಶದ ಮಕ್ಕಳನ್ನು ಹಿಡಿದೇ ಬಿಡ್ತಾಳೆ ಅಂತ ಸುಮ್ನೆ ಹೇಳೋಕೆ ನನಗೆ ಮನಸ್ಸಿಲ್ಲ.

ಯಾಕಂದರೆ ನಮ್ಮ ತೊಂದರೆ ವಯಸ್ಸಿನದಲ್ಲ, ಐಸ್‌ನದು. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ದೊಡ್ಡ ರಿಂಕ್ (ಐಸ್ ಅಂಗಳ) ವರ್ಷಗಟ್ಟಲೆ ಮುಚ್ಚಿಯೇ ಇತ್ತು, 2025ರಲ್ಲಿ ಮತ್ತೆ ತೆರೆಯಿತು. ಗುರುಗ್ರಾಮದ ಮಾಲ್ ಒಂದರಲ್ಲಿ ಚಿಕ್ಕದೊಂದಿದೆ. ಬೆಳಗಾವಿಯಿಂದ ಅಲ್ಲಿಗೆ ಹತ್ತು ವರ್ಷದ ಹುಡುಗಿಯನ್ನು ಕಳಿಸಿ, ಶಾಲೆ ಬಿಡಿಸಿ, ಕಾಲು ಬೆಳೆದ ಹಾಗೆಲ್ಲ ಹೊಸ ಬೂಟು ಕೊಡಿಸಿ, ಬ್ಲೇಡ್ ಸಾಣೆ ಹಿಡಿಸೋಕೂ ಕೈ ಪಳಗಿದವರನ್ನೇ ಹುಡುಕಿ... ಎರಡು ಪಾಟ್ಲಿ ಎಲ್ಲಿಗೆ ಸಾಕು?

ಇನ್ನೊಂದು ದಾರಿ ಇದೆ. ಅದು ನಿಮ್ಮ ಊರಲ್ಲೇ ಶುರುವಾಗಬಹುದು. ರೋಲರ್ ಸ್ಕೇಟಿಂಗ್‌ನಲ್ಲೇ ಆರ್ಟಿಸ್ಟಿಕ್ ಅಂತ ವಿಭಾಗ ಇದೆ, ಐಸ್‌ನ ಆ್ಯಕ್ಸೆಲ್, ಸಾಲ್ಕೋ, ಲುಟ್ಜ್ ಅನ್ನೋ ಜಿಗಿತಗಳೆಲ್ಲ ಅಲ್ಲೂ ಇವೆ. ಹೈದರಾಬಾದಿನ ಅನೂಪ್ ಕುಮಾರ್ ಯಾಮ 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದಿದ್ದು ಇದರಲ್ಲೇ. ಮುಂದೆ ಐಸ್ ಸಿಕ್ಕರೂ ಇಲ್ಲಿ ಕಲಿತದ್ದು ವ್ಯರ್ಥ ಆಗೋದಿಲ್ಲ.

ಆದರೆ ಸ್ಪೀಡ್‌ನ ಅಭ್ಯಾಸ ಸ್ವಲ್ಪ ಬಿಡಿಸಬೇಕಾಗುತ್ತೆ. ಬೂಟೇ ಬೇರೆ. ಒಂದೇ ಸಾಲಿನ ಚಕ್ರ ಅಲ್ಲ, ಮುಂದೆರಡು ಹಿಂದೆರಡು, ಬೆರಳ ತುದಿಯಲ್ಲಿ ರಬ್ಬರ್ ಸ್ಟಾಪರ್. ಸ್ಪೀಡ್ ಮಕ್ಕಳು ಸೊಂಟ ಬಗ್ಗಿಸಿ ಸದಾ ಎಡಕ್ಕೇ ತಿರುಗುತ್ತಾ ಓಡುತ್ತಾರೆ ಅಲ್ವಾ? ಫಿಗರ್‌ಗೆ ಬೆನ್ನು ನೆಟ್ಟಗಿರಬೇಕು, ಎಡ ಬಲ ಎರಡೂ ಕಡೆ ತಿರುಗಬೇಕು, ಹಿಂದಕ್ಕೂ ಅಷ್ಟೇ ಸಲೀಸಾಗಿ ಜಾರಬೇಕು. ಐಸ್ ಬ್ಲೇಡಿನ ನಡುವೆ ಉದ್ದಕ್ಕೂ ಕಾಲುವೆಯಂಥ ಸಣ್ಣ ತಗ್ಗು ಇರುತ್ತೆ, ಅದರ ಎರಡು ಕಡೆ ಒಳ ಅಂಚು, ಹೊರ ಅಂಚು. ಯಾವ ಅಂಚಿನ ಮೇಲೆ ಮೈ ವಾಲಿದೆ ಅನ್ನೋದರ ಮೇಲೇ ಜಿಗಿತದ ಹೆಸರು, ಅಂಕ ಎಲ್ಲ. ಚಕ್ರದ ಬೂಟಿನಲ್ಲೂ ಪಾದ ವಾಲಿಸಿ ಇದನ್ನೇ ಕಲಿಸುತ್ತಾರೆ. ನೋಡೋರಿಗೆ ಬೇಸರ, ಮಕ್ಕಳಿಗೂ ಬೇಸರ. ಆದರೂ ಮೊದಲ ಎರಡು ವರ್ಷ ಇದೇ ಜಾಸ್ತಿ ಆಗಲಿ. ಬಂದ ತಿಂಗಳಲ್ಲೇ ಜಿಗಿಸಿ ವಿಡಿಯೊ ಹಾಕುವ ಕೋಚ್‌ಗಳನ್ನು ನಾನಂತೂ ನಂಬೋದಿಲ್ಲ.

ಮನೆಯಲ್ಲಿ ಪದಕದ ಮಾತು ಕಡಿಮೆ ಇರಲಿ. ಅಲಿಸಾ ಲಿಯು 13ಕ್ಕೇ ಅಮೆರಿಕದ ಚಾಂಪಿಯನ್ ಆದಳು, 16ಕ್ಕೆ ಸಾಕು ಅಂತ ಬಿಟ್ಟಳು. ಎರಡು ವರ್ಷ ಬಿಟ್ಟು ತಾನಾಗೇ ವಾಪಸ್ ಬಂದು 2025ರಲ್ಲಿ ವಿಶ್ವ ಚಾಂಪಿಯನ್ ಆದಳು.

ಪ್ರಶ್ನೆ: ಫಿಗರ್ ಸ್ಕೇಟಿಂಗ್‌ನಲ್ಲಿ ಬಿದ್ದವರೇ ಕೆಲವೊಮ್ಮೆ ಗೆಲ್ಲುತ್ತಾರೆ. ಇದೇನು ಲೆಕ್ಕ ಸರ್?
– ಪಿಯುಸಿ ವಿದ್ಯಾರ್ಥಿ, ವಿಜಯಪುರ

ಉತ್ತರ: ಲೆಕ್ಕ ಇದೆ ತಮ್ಮಾ. ಪ್ರತಿ ಜಿಗಿತಕ್ಕೂ ಮೂಲ ಅಂಕ ಇರುತ್ತೆ. ಗಾಳಿಯಲ್ಲಿ ಸುತ್ತು ಪೂರ್ತಿ ಮುಗಿಸಿ ಬಿದ್ದರೆ ಅದರಲ್ಲಿ ಅರ್ಧ ಹೋಗುತ್ತೆ, ಬಿದ್ದದ್ದಕ್ಕೆ ಮೇಲೊಂದು ಅಂಕ ಕಡಿತ. ನಾಲ್ಕು ಸುತ್ತಿನ ಟೋ ಲೂಪ್ ಅನ್ನೋ ಜಿಗಿತಕ್ಕೆ 9.5 ಅಂತ ಇಟ್ಟುಕೊಂಡರೆ ಬಿದ್ದವನಿಗೆ ಉಳಿಯೋದು 3.75. ಮೂರು ಸುತ್ತಿನದನ್ನು ಬೀಳದೆ ಇಳಿದವನಿಗೆ 4.2. ವ್ಯತ್ಯಾಸ ಇಷ್ಟೇ ಆದ್ದರಿಂದ ಹುಡುಗರು ಅಪಾಯಕ್ಕೆ ಕೈ ಹಾಕುತ್ತಾರೆ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ 19 ವರ್ಷದ ಹನ್ಯು ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದರೂ ಚಿನ್ನ ಗೆದ್ದ. ಸ್ಪರ್ಧೆಗೆ ಶಾರ್ಟ್ ಪ್ರೋಗ್ರಾಂ, ಫ್ರೀ ಸ್ಕೇಟ್ ಅಂತ ಎರಡು ಭಾಗ, ಎರಡರ ಅಂಕವನ್ನೂ ಕೂಡಿಸುತ್ತಾರೆ. ಹಿಂದಿನ ದಿನದ ಶಾರ್ಟ್ ಪ್ರೋಗ್ರಾಂನಲ್ಲಿ ಅವನು 101.45 ಅಂಕ ಮಾಡಿಟ್ಟಿದ್ದ, ಅವನ ಹಿಂದೆ ಇದ್ದವನೂ ಅವತ್ತು ತಪ್ಪು ಮಾಡಿದ.