ಮನೆಯಿಂದ ಕೆಲಸ ಬೇರೆ, ಉಡುಪಿಯಿಂದ ಕೆಲಸ ಬೇರೆ

ನೀವು ಕೇಳಿರುವುದು ಎರಡು ಪ್ರಶ್ನೆ. ಸೆಪ್ಟೆಂಬರಿನಲ್ಲಷ್ಟೇ ಜರ್ಮನಿಯ ಸ್ಟುಟ್‌ಗಾರ್ಟಿನ ಸಾಫ್ಟ್‌ವೇರ್ ಸಂಸ್ಥೆಗೆ ಸೇರಿರುವ ನೀವು ವಾರಪೂರ್ತಿ ಮನೆಯಿಂದಲೇ ಕೆಲಸ ಮಾಡಿದರೆ ನೌಕರಿಗೆ ಕುತ್ತು ಬಂದೀತೇ ಎಂಬುದು ಒಂದು. ಡಿಸೆಂಬರಿನಲ್ಲಿ ಉಡುಪಿಗೆ ಹೋಗಿ, ಜನವರಿ 18ರ ಕೃಷ್ಣಮಠದ ಪರ್ಯಾಯ ಉತ್ಸವವನ್ನೂ ನೋಡಿಕೊಂಡು, ಅಷ್ಟು ದಿನ ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮುಂದುವರಿಸಬಹುದೇ ಎಂಬುದು ಇನ್ನೊಂದು. ಎರಡನ್ನೂ ನೀವು ಒಂದೇ ಉಸಿರಿನಲ್ಲಿ ಕೇಳಿದ್ದೀರಿ. ಮಂಗಳೂರು ಬಿಟ್ಟು ಬಂದು ಬಹುಕಾಲದಿಂದ ಇಲ್ಲೇ ನೆಲೆಸಿರುವ ನನಗೆ ಇವು ತೀರ ಬೇರೆ ಬೇರೆ ಪ್ರಶ್ನೆಗಳಾಗಿ ಕಾಣುತ್ತವೆ.

ಜರ್ಮನಿಯಲ್ಲಿ ಕಾರಣವಿಲ್ಲದೆ ಕೆಲಸದಿಂದ ತೆಗೆಯುವುದರ ವಿರುದ್ಧ ಇರುವ ಕಾನೂನು, ಹತ್ತಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ, ಸೇರಿ ಆರು ತಿಂಗಳು ಕಳೆದವರಿಗೆ ಅನ್ವಯಿಸುತ್ತದೆ. ಆ ಮೇಲೆ ಕೆಲಸ ಕಡಿಮೆಯಾಯಿತೆಂದು ಜನರನ್ನು ತೆಗೆಯಬೇಕಾದರೆ, ಒಂದೇ ಬಗೆಯ ಕೆಲಸ ಮಾಡುವವರ ಸೇವಾವಧಿ, ವಯಸ್ಸು, ಕುಟುಂಬವನ್ನು ಸಾಕುವ ಹೊಣೆ, ತೀವ್ರ ಅಂಗವೈಕಲ್ಯ ಈ ನಾಲ್ಕನ್ನು ಮಾಲೀಕರು ತೂಗಿ ನೋಡಬೇಕಾಗುತ್ತದೆ. ನೌಕರರು ಆರಿಸಿದ ಮಂಡಳಿ ಇದ್ದರೆ ಅದರ ಅಭಿಪ್ರಾಯವನ್ನೂ ಮೊದಲೇ ಕೇಳಬೇಕು, ಇಲ್ಲವಾದರೆ ವಜಾ ಆದೇಶಕ್ಕೆ ಬೆಲೆಯಿಲ್ಲ. ಯಾರು ಕಚೇರಿಗೆ ಬರುತ್ತಾರೆ, ಯಾರು ಮನೆಯಲ್ಲಿ ಕುಳಿತಿರುತ್ತಾರೆ ಎಂಬುದು ಆ ನಾಲ್ಕರಲ್ಲಿ ಇಲ್ಲವೇ ಇಲ್ಲ. ಆದರೆ ನಿಮ್ಮ ಹಾಗೆ ಹೊಸತಾಗಿ ಸೇರಿದ, ಚಿಕ್ಕ ವಯಸ್ಸಿನ, ಇನ್ನೂ ಮದುವೆಯಾಗದವರು ದಿನವೂ ಎಂಟು ಗಂಟೆಗೇ ಕಚೇರಿಯ ಬಾಗಿಲಲ್ಲಿ ನಿಂತರೂ ಈ ಲೆಕ್ಕದಲ್ಲಿ ಹಿಂದೆಯೇ ಉಳಿಯುತ್ತಾರೆ ಎಂಬುದನ್ನೂ ತಿಳಿದಿರಿ.

ಸದ್ಯಕ್ಕೆ ಆ ರಕ್ಷಣೆಯೂ ನಿಮಗಿಲ್ಲ. ಪ್ರೊಬೇಷನ್ ಅವಧಿಯಲ್ಲಿ ಎರಡು ವಾರಗಳ ನೋಟಿಸು ಸಾಕು, ಕಾರಣ ಹೇಳಬೇಕಾಗಿಲ್ಲ. ಈ ತಿಂಗಳುಗಳಲ್ಲಿ ನಿಮ್ಮ ಭವಿಷ್ಯ ನಿಂತಿರುವುದು ಮ್ಯಾನೇಜರರ ಮನಸ್ಸಿನಲ್ಲಿ ಮೂಡುವ ಅಭಿಪ್ರಾಯದ ಮೇಲೆ ಮಾತ್ರ. ಆದ್ದರಿಂದಲೇ ವಾರಕ್ಕೆ ಮೂರು ದಿನವಾದರೂ ಕಚೇರಿಗೆ ಹೋಗಿ ಎಂದು ಹೇಳುತ್ತೇನೆ. ಕೆಲಸದ ವಿಷಯದಲ್ಲಿ ಮುಖ್ಯವಾದದ್ದು ಮೀಟಿಂಗಿನಲ್ಲಿ ತಿಳಿಯುವುದು ಕಡಿಮೆ. ಯಾವ ಪ್ರಾಜೆಕ್ಟಿನ ಹಣ ಮುಗಿಯುತ್ತ ಬಂದಿದೆ, ಯಾವ ತಂಡವನ್ನು ಇನ್ನೊಂದಕ್ಕೆ ಸೇರಿಸುತ್ತಾರೆ ಎಂಬುದೆಲ್ಲ ಕಾಫಿ ಯಂತ್ರದ ಮುಂದೆ, ಕಪ್ ತುಂಬುವಷ್ಟು ಹೊತ್ತಿನಲ್ಲಿ, ಜರ್ಮನ್ ಭಾಷೆಯಲ್ಲಿ ಓಡಾಡುತ್ತದೆ. ಮೊದಮೊದಲು ಅರ್ಧವೂ ಅರ್ಥವಾಗುವುದಿಲ್ಲ. ಆದರೂ ಅಲ್ಲಿ ನಿಂತಿರಬೇಕು. ಬ್ಲೂ ಕಾರ್ಡ್, ಅಂದರೆ ಹೊರದೇಶದ ನುರಿತ ನೌಕರರಿಗೆ ಕೊಡುವ ವಾಸದ ಪರವಾನಗಿ, ಇರುವವರಿಗೆ ಕಾಯಂ ವಾಸದ ಪರವಾನಗಿ ಸಿಗಲು ಸಾಮಾನ್ಯವಾಗಿ 27 ತಿಂಗಳು ಬೇಕು. ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳು ಸಾಕು. ಕೆಲಸ ಹೋದರೆ ವೀಸಾದ ಚಿಂತೆಯೂ ಬೆನ್ನಿಗೇ ಬರುತ್ತದೆ ಎಂಬುದನ್ನು ಗಲ್ಫಿನಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಆ ಪರವಾನಗಿ ಕೈಗೆ ಬಂದ ಮೇಲೆ ಒಂದು ಕೆಲಸ ಹೋದರೂ ಇಲ್ಲಿಯೇ ನಿಂತು ಇನ್ನೊಂದನ್ನು ಹುಡುಕಬಹುದು. ಮನೆಯಲ್ಲೇ ಇಂಗ್ಲಿಷಿನಲ್ಲಿ ದಿನ ಕಳೆಯುವವರಿಗೆ ಆ ದಿನ ತಡವಾಗಿ ಬರುತ್ತದೆ.

ಇನ್ನು ಉಡುಪಿಯ ವಿಷಯ. ಮಣಿಪಾಲದಲ್ಲಿ ಇಂಟರ್ನೆಟ್ ಚೆನ್ನಾಗಿದೆ, ಚಳಿಗಾಲದಲ್ಲಿ ಇಲ್ಲಿಯ ಬೆಳಗಿನ ಒಂಬತ್ತು ಗಂಟೆ ಅಲ್ಲಿಯ ಮಧ್ಯಾಹ್ನ ಒಂದೂವರೆ, ಹಾಗಾಗಿ ತೊಂದರೆಯೇನಿಲ್ಲ ಎಂದು ಬರೆದಿದ್ದೀರಿ. ತೊಂದರೆ ಗಡಿಯಾರದಲ್ಲಿಲ್ಲ, ಮಾರಾಯ್ರೇ. ನಿಮ್ಮ ಒಪ್ಪಂದದಲ್ಲಿ ಮನೆಯಿಂದ ಕೆಲಸಕ್ಕೆ ಅನುಮತಿಯಿದೆ ಎಂದರೆ ಅದು ಸಾಮಾನ್ಯವಾಗಿ ಜರ್ಮನಿಯೊಳಗಿನ ಮನೆ. ದೇಶ ಬದಲಾದರೆ ತೆರಿಗೆ, ಸಾಮಾಜಿಕ ವಿಮೆ, ಗ್ರಾಹಕರ ಮಾಹಿತಿಯನ್ನು ಐರೋಪ್ಯ ಒಕ್ಕೂಟದ ಹೊರಗೆ ತೆರೆಯುವ ಪ್ರಶ್ನೆ, ಎಲ್ಲವೂ ಸಂಸ್ಥೆಯ ತಲೆಯ ಮೇಲೆ ಬೀಳುತ್ತವೆ. ಅದಕ್ಕಾಗಿಯೇ ಎಷ್ಟೋ ಸಂಸ್ಥೆಗಳು ಹೊರದೇಶದ ಕೆಲಸವನ್ನು ಒಕ್ಕೂಟದೊಳಗಿನ ಕೆಲವೇ ದಿನಗಳಿಗೆ ಸೀಮಿತಗೊಳಿಸಿವೆ. ಹೇಳದೆ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದು ಸ್ನೇಹಿತರು ಹೇಳಿಯಾರು. ನೀವು ಎಲ್ಲಿಂದ ಲಾಗಿನ್ ಆದಿರಿ ಎಂಬುದು ಐಟಿ ವಿಭಾಗಕ್ಕೆ ಗೊತ್ತಾಗಬಹುದು. ಆಗ ಎಚ್ಚರಿಕೆಯ ಪತ್ರ ಬರಬಹುದು, ಪ್ರೊಬೇಷನ್ನಿನಲ್ಲಿದ್ದರೆ ನೇರವಾಗಿ ಕೆಲಸದಿಂದಲೇ ತೆಗೆಯಬಹುದು.

ಅಂಚೆಪೆಟ್ಟಿಗೆಯ ಬಗ್ಗೆ ಬಹಳ ಮಂದಿ ಯೋಚಿಸುವುದೇ ಇಲ್ಲ. ಇಲ್ಲಿ ವಜಾ ಆದೇಶ ಇಮೇಲಿನಲ್ಲಿ ಬಂದರೆ ಊರ್ಜಿತವಲ್ಲ. ಶಾಯಿಯ ಸಹಿಯಿರುವ ಕಾಗದವೇ ನಿಮಗೆ ತಲುಪಬೇಕು. ಅದನ್ನು ಪ್ರಶ್ನಿಸಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಇರುವುದು ಮೂರೇ ವಾರ, ಮತ್ತು ಆ ಮೂರು ವಾರ ಸಾಮಾನ್ಯವಾಗಿ ಲಕೋಟೆ ನಿಮ್ಮ ಪೆಟ್ಟಿಗೆಗೆ ಬಿದ್ದಲ್ಲಿಂದಲೇ ಎಣಿಕೆಯಾಗುತ್ತದೆ, ನೀವು ಆಗ ಉಡುಪಿಯ ರಥಬೀದಿಯಲ್ಲಿದ್ದರೂ ಸರಿ. ಗಡುವು ತಪ್ಪಿದ್ದಕ್ಕೆ ನಿಮ್ಮ ತಪ್ಪಿಲ್ಲವೆಂದು ತೋರಿಸಿ ವಿನಾಯಿತಿ ಕೇಳುವ ದಾರಿಯಿದೆ, ಆದರೆ ಅದನ್ನು ನಂಬಿ ಕೂರುವಂತಿಲ್ಲ. ದೀರ್ಘಕಾಲ ಊರಿಗೆ ಹೋಗುವಾಗ ಪೆಟ್ಟಿಗೆಯ ಕೀಲಿಯನ್ನು ನಂಬಿಕೆಯ ನೆರೆಯವರಿಗೆ ಕೊಟ್ಟು, ಸಂಸ್ಥೆಯ ಹೆಸರಿರುವ ಲಕೋಟೆ ಬಂದರೆ ಅಂದೇ ತೆರೆದು ಫೋಟೊ ಕಳುಹಿಸಲು ಹೇಳಿ.

ಒಂದು ಅನುಮಾನ ನಿಮಗೂ ಇರಬಹುದು: ಉಡುಪಿಯಿಂದ ಮಾಡಬಹುದಾದ ಕೆಲಸವಾದರೆ ಅದನ್ನು ಉಡುಪಿಯವರಿಗೇ ಕೊಡಬಾರದೇಕೆ? ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಇನ್ಫೋಸಿಸ್ ಇದೆ, ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಸಂಸ್ಥೆ ಇದೆ. ಇಂಥ ಕೆಲಸ ಅಲ್ಲಿ ಹೊಸದಲ್ಲ. ಎರಡು ತಿಂಗಳು ಅಲ್ಲಿಂದ ಲೋಪವಿಲ್ಲದೆ ಕೆಲಸ ನಡೆಸಿ ತೋರಿಸಿದರೆ, ನೀವು ಇಲ್ಲಿರುವ ಅಗತ್ಯವೇನು ಎಂಬ ಪ್ರಶ್ನೆಯನ್ನು ನೀವೇ ಎತ್ತಿಕೊಟ್ಟಂತಾಗುತ್ತದೆ.

ಆದ್ದರಿಂದ ಈ ಸಲ ಇರುವ ರಜೆಯನ್ನು ಹಾಕಿಯೇ ಊರಿಗೆ ಹೋಗಿ. ಪರ್ಯಾಯದ ದಿನ ಲ್ಯಾಪ್‌ಟಾಪ್ ಇಲ್ಲೇ ಇರಲಿ. ಅಲ್ಲಿಂದ ಕೆಲಸ ಮಾಡುವ ಮಾತನ್ನು ಫೆಬ್ರವರಿ ಕೊನೆಗೆ ಆರು ತಿಂಗಳು ತುಂಬುವವರೆಗೆ ಎತ್ತಬೇಡಿ. ಆಮೇಲೆ ಎಚ್.ಆರ್. ವಿಭಾಗಕ್ಕೆ ಬರೆದು, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಊರಿನಿಂದ ಎಂದು ನಮೂದಿಸಿ, ಒಪ್ಪಿಗೆಯನ್ನು ಲಿಖಿತವಾಗಿ ಪಡೆದುಕೊಂಡ ಬಳಿಕವೇ ಟಿಕೆಟ್ ತೆಗೆಯಿರಿ.