ಮ್ಯಾಡ್ರಿಡ್‌ನಿಂದ ಸೆಗೋವಿಯಾಗೆ ಹೋದರೆ ಒಂದು ದಿನ ಸಾಕಾ? ಸುತ್ತಮುತ್ತ ಏನಿದೆ?

ಊರಿಗಷ್ಟೇ ಆದರೆ ಸಾಕು. ಸುತ್ತಲಿನ ಪ್ರಾಂತ್ಯವನ್ನೂ ನೋಡಬೇಕಂದ್ರೆ ಒಂದು ರಾತ್ರಿ ಉಳಿಯಿರಿ. ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಸ್ಟೇಷನ್ ಮಾತ್ರ ಊರಾಚೆ ಇದೆ, ಅಲ್ಲಿಂದ ಬಸ್ ಹಿಡಿಯಬೇಕು.

ಮೊದಲು ರೋಮನ್ನರ ಮೇಲ್ಗಾಲುವೆ (ಕಮಾನುಗಳ ಮೇಲೆ ನೀರು ಹರಿಸಲು ಕಟ್ಟಿದ ಕಾಲುವೆ) ನೋಡಿ. ಎತ್ತರ ಸುಮಾರು 28 ಮೀಟರ್. ಕಂಬದ ಬುಡಕ್ಕೆ ಹೋಗಿ ಗ್ರಾನೈಟ್ ಕಲ್ಲುಗಳ ಸಂದಿ ಗಮನಿಸಿ: ಗಾರೆಯೇ ಇಲ್ಲ! ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸಿದೆ. ಮೈಮೇಲಿನ ಚಿಕ್ಕ ಗುಳಿಗಳು, ಎತ್ತುವಾಗ ಇಕ್ಕಳ ಕಚ್ಚಿದ ಗುರುತು. ಎಷ್ಟು ಹೊತ್ತು ನಿಂತರೂ ಸಾಲದು.

ಆಮೇಲೆ ಅಲ್ಕಾಸರ್ ಕೋಟೆ. ಮರುದಿನ 11 ಕಿ.ಮೀ. ದೂರದ ಲಾ ಗ್ರಾಂಹಾ ಅರಮನೆ ತೋಟ. ಅಲ್ಲಿನ ಕಾರಂಜಿಗಳಿಗೆ ಪಂಪ್ ಇಲ್ಲ, ಮೇಲಿನ ಕೆರೆಯ ನೀರಿನ ಒತ್ತಡದಿಂದಲೇ ಚಿಮ್ಮುತ್ತವೆ.

ಸಸ್ಯಾಹಾರಿಯಾದರೆ ಹುಷಾರು: ಬೀನ್ಸ್ ಕಾಳಿನ ಸಾರಿಗೂ ಸಾಮಾನ್ಯವಾಗಿ ಹಂದಿಮಾಂಸ ಹಾಕುತ್ತಾರೆ. ಕೇಳಿಯೇ ಆರ್ಡರ್ ಮಾಡಿ.