ಬಾಗಿಲು ಹಾಕ್ಕೊಂಡು ಪೇಂಟ್ ರಿಮೂವರ್ ಬಳಿಯಬೇಡಿ ಬ್ರದರ್

ಬ್ರದರ್, ಯೆಜ್ಡಿ ರೋಡ್‌ಕಿಂಗ್ ಬೈಕಿನ ಪೆಟ್ರೋಲ್ ಟ್ಯಾಂಕನ್ನ ಬಾತ್‌ರೂಮಲ್ಲಿ ಬಕೆಟ್ ಮೇಲೆ ಕೂರಿಸಿ ರಿಮೂವರ್ ಬಳಿದಿರೋ ಫೋಟೋ ಗುಂಪಲ್ಲಿ ನೋಡಿದೆ. "ಧೂಳು ಕೂರಬಾರದು ಅಂತ ಬಾಗಿಲು ಹಾಕಿದ್ದೀನಿ, ಎನ್95 ಹಾಕ್ಕೊಂಡಿದ್ದೀನಿ, ಸ್ವಲ್ಪ ತಲೆ ಭಾರ, ಕಾಫಿ ಕುಡಿದು ಎರಡನೇ ಕೋಟ್" ಅಂತ ಬರೆದಿದ್ದೀರಿ. ಎರಡನೇ ಕೋಟ್ ಬೇಡ. ಕೆಳಗೆ ಎಲ್ಲರೂ ಕ್ರೋಮ್ ಚೆನ್ನಾಗಿದೆ ಅಂತ ಹೊಗಳಿದ್ದಾರೆ, ಬಾಗಿಲು ತೆಗೀರಿ ಅಂತ ಒಬ್ಬರೂ ಹೇಳಿಲ್ಲ. ನನಗೆ ನಿಜವಾಗಿ ಸಿಟ್ಟು ಬಂತು, ಅದಕ್ಕೇ ಇಷ್ಟುದ್ದ.

ಮೊದಲು ಡಬ್ಬದ ಹಿಂಭಾಗ ಓದಿ. ಅಪಾಯ ಇರೋದು ಅದರಲ್ಲಿರೋ ಒಂದು ಕೆಮಿಕಲ್‌ನಿಂದ. ಮೀಥಿಲೀನ್ ಕ್ಲೋರೈಡ್, ಡೈಕ್ಲೋರೋಮೀಥೇನ್, ಕೆಮಿಕಲ್ ಅಂಗಡಿಯವರ ಬಾಯಲ್ಲಿ ಎಂಡಿಸಿ, ಮೂರೂ ಒಂದೇ. 75-09-2 ಅನ್ನೋ ಸಂಖ್ಯೆ (ಆ ಕೆಮಿಕಲ್‌ನ ಗುರುತಿನ ನಂಬರ್) ಕಂಡರೂ ಅದೇ. ಏನೂ ಬರೆದಿಲ್ಲ, ಆದರೆ ಹಚ್ಚಿದ ಐದು ನಿಮಿಷಕ್ಕೇ ಪೇಂಟ್ ಸುಕ್ಕುಗಟ್ಟಿ ಎದ್ದಿತು ಅಂದರೆ ಅದೇ ಅಂತ ಇಟ್ಕೊಳ್ಳಿ.

2011ರ ಆಷಾಢ. ಮೈಸೂರಲ್ಲಿ ಬಾಡಿಗೆ ಮನೆ, ಹೊರಗೆ ಜಿಟಿಜಿಟಿ ಮಳೆ, ನನ್ನದೂ ರೋಡ್‌ಕಿಂಗೇ, 84ರ ಗಾಡಿ. ನೀವು ಮಾಡಿದ್ದನ್ನೇ ಮಾಡಿದೆ. ಕಿಟಕಿ ಅನ್ನೋದು ಮೇಲೆ ಒಂದಡಿ ಗಾಜು, ಅದೂ ಮುಚ್ಚಿತ್ತು. ಮೊದಲ ಅರ್ಧ ಗಂಟೆ ಏನೂ ಅನ್ನಿಸಲಿಲ್ಲ, ಸಿಹಿ ಸಿಹಿ ವಾಸನೆ ಅಷ್ಟೇ. ಸ್ಕ್ರೇಪರ್ ಕೈ ಜಾರಿ ಬಿತ್ತು, ಎತ್ತೋಕೆ ಬಗ್ಗಿದೆ. ಮತ್ತೆ ಏಳಲಿಲ್ಲ. ಕಾಲಲ್ಲಿ ಬಲವೇ ಇರಲಿಲ್ಲ. ಸದ್ದು ಕೇಳಿ ನನ್ನ ಹೆಂಡತಿ ಬಾಗಿಲು ತಳ್ಳಿ ಎಳೆದು ಹಾಕಿದಳು. ಒಳಗಿಂದ ಚಿಲಕ ಹಾಕಿರಲಿಲ್ಲ, ಅದೊಂದೇ ಕಾರಣಕ್ಕೆ ಇವತ್ತು ಬರೀತಿದ್ದೀನಿ.

ಬಗ್ಗಿದಾಗಲೇ ಯಾಕೆ ಬಿದ್ದೆ ಅನ್ನೋದು ಆಮೇಲೆ ತಿಳಿಯಿತು. ಇದರ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ನೆಲದ ಮೇಲೆ, ಬಕೆಟ್ ಒಳಗೆ, ಬಾತ್‌ರೂಮಿನ ತಗ್ಗಲ್ಲಿ ನೀರಿನ ಹಾಗೆ ನಿಲ್ಲುತ್ತೆ. ನಿಂತಾಗ ಮೂಗಿಗೆ ಸ್ವಲ್ಪ, ಬಗ್ಗಿದರೆ ಪೂರ್ತಿ. ಮೇಲಿನ ಎಕ್ಸಾಸ್ಟ್ ಫ್ಯಾನ್ ಹಾಕಿದ್ದೀನಿ ಅನ್ನೋರಿಗೂ ಇದೇ ಉತ್ತರ. ಕುದಿಯೋದೇ 40 ಡಿಗ್ರಿಗೆ, ಹಾಗಾಗಿ ಕೋಣೆ ತುಂಬೋಕೆ ಹೊತ್ತು ಬೇಕಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ ಎಂಟು ಗಂಟೆಯ ಸರಾಸರಿ ಮಿತಿ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ. ಮೂಗಿಗೆ ವಾಸನೆ ಗೊತ್ತಾಗೋದು ಸುಮಾರು 200 ದಾಟಿದ ಮೇಲೆ. ಅಂದರೆ "ವಾಸನೆ ಜಾಸ್ತಿಯಾದರೆ ಹೊರಗೆ ಬರ್ತೀನಿ" ಅನ್ನೋ ಲೆಕ್ಕ ಶುರುವಿನಲ್ಲೇ ತಪ್ಪು. ಅಲ್ಲಿ ಬಾತ್‌ಟಬ್‌ಗಳ ಹಳೇ ಬಣ್ಣ ಇದರಿಂದಲೇ ಕೀಳುತ್ತಿದ್ದ 13 ಕೆಲಸಗಾರರು 2000ದಿಂದ 2011ರ ನಡುವೆ ಸತ್ತಿದ್ದಾರೆ. ನಮ್ಮದೇ ಥರ, ಸಣ್ಣ ಬಾತ್‌ರೂಮಲ್ಲಿ ಬಗ್ಗಿ ಕೆಲಸ ಮಾಡ್ತಾ. 2019ರಲ್ಲಿ ಮನೆ ಬಳಕೆಗೆ ಮಾರೋದನ್ನೇ ಅವರು ನಿಲ್ಲಿಸಿದರು. ನಮ್ಮಲ್ಲಿ ಕೇಳಿದವರಿಗೆಲ್ಲ ಕೊಡ್ತಾರೆ.

ಈಗ ನಿಮ್ಮ ತಲೆಭಾರದ ವಿಷಯ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಒಳಗೆ ಹೋದ ಎಂಡಿಸಿಯನ್ನ ಲಿವರ್ ಕಾರ್ಬನ್ ಮೊನಾಕ್ಸೈಡ್ (ರಕ್ತ ಆಕ್ಸಿಜನ್ ಹೊರದ ಹಾಗೆ ಮಾಡೋ ವಿಷಾನಿಲ) ಆಗಿ ಮಾರ್ಪಡಿಸುತ್ತೆ. ಕೊಬ್ಬಿನಲ್ಲಿ ಸೇರಿಕೊಂಡಿದ್ದು ನಿಧಾನಕ್ಕೆ ಬಿಡುಗಡೆ ಆಗೋದರಿಂದ, ನೀವು ಹೊರಗೆ ಬಂದು ಗಂಟೆಗಳಾದ ಮೇಲೂ ರಕ್ತದಲ್ಲಿ ಆ ಮೊನಾಕ್ಸೈಡ್ ಏರ್ತಾನೇ ಇರಬಹುದು. ನನಗೆ ಸಂಜೆ ಸರಿಹೋಗಿತ್ತು, ರಾತ್ರಿ ಹತ್ತಕ್ಕೆ ತಲೆ ಸಿಡಿದು ವಾಂತಿ ಶುರುವಾಯಿತು. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ "ಆಕ್ಸಿಜನ್ 98 ಇದೆ, ಗ್ಯಾಸ್ಟ್ರಿಕ್" ಅಂತ ಕಳಿಸೋಕೆ ಹೊರಟಿದ್ದರು. ಆ ಕ್ಲಿಪ್ಪಿಗೆ ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತಕ್ಕೂ ಆಕ್ಸಿಜನ್ ಹಿಡಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಹೆಂಡತಿ ಡಬ್ಬ ತಂದಿದ್ದಳು, ಅದನ್ನ ನೋಡಿದ ಇನ್ನೊಬ್ಬ ಡಾಕ್ಟರ್ ರಕ್ತ ಪರೀಕ್ಷೆ ಬರೆದು ಆಕ್ಸಿಜನ್ ಹಾಕಿಸಿದರು. ತಲೆಭಾರ ಇಳಿದಿಲ್ಲ ಅಂದರೆ ಕಾಫಿ ಪಕ್ಕಕ್ಕಿಟ್ಟು ಈಗಲೇ ಹೋಗಿ, ಗಾಡಿ ನೀವು ಓಡಿಸಬೇಡಿ. ಡಬ್ಬ ತಗೊಂಡು ಹೋಗಿ "ಕಾರ್ಬಾಕ್ಸಿಹೀಮೋಗ್ಲೋಬಿನ್ ನೋಡಿ" ಅಂತ ಬಾಯಿಬಿಟ್ಟು ಕೇಳಿ, ರಕ್ತದಲ್ಲಿ ಮೊನಾಕ್ಸೈಡ್ ಎಷ್ಟು ಹಿಡಿದಿದೆ ಅಂತ ತೋರಿಸೋ ಪರೀಕ್ಷೆ ಅದು. ಹೃದಯದ ತೊಂದರೆ ಇರೋರು, ಸಿಗರೇಟ್ ಸೇದೋರು ಇನ್ನೂ ಹುಷಾರಾಗಿರಬೇಕು.

ಫೋಟೋದಲ್ಲಿ ಹಿಂದೆ ಗ್ಯಾಸ್ ಗೀಸರ್ ಕಾಣಿಸ್ತಿದೆ. ಅದನ್ನ ನೋಡಿಯೇ ನನಗೆ ಎದೆ ಧಸಕ್ ಅಂದಿದ್ದು. ಈ ಆವಿ ಉರಿಗೆ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಆಗುತ್ತೆ, ಜೊತೆಗೆ ಫಾಸ್ಜೀನ್ ಅನ್ನೋ ವಿಷಾನಿಲ ಕೂಡ. ಫಾಸ್ಜೀನಿನ ತೊಂದರೆ ಗಂಟೆಗಳಾದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿದಾಗ ತಿಳಿಯುತ್ತೆ. "ಇದಕ್ಕೆ ಪೆಟ್ರೋಲ್ ಥರ ಬೆಂಕಿ ಹಿಡಿಯಲ್ಲ, ಸೇಫು" ಅಂತ ಅಂಗಡಿಯವರು ಹೇಳೋದು ಅರ್ಧ ಸತ್ಯ. ಕೈ ತೊಳೆಯೋಕೆ ಬಿಸಿನೀರು ಬೇಕು ಅಂತ ಗೀಸರ್ ಹಚ್ಚಿಬಿಟ್ಟೀರಿ.

ಎನ್95 ಧೂಳಿಗೆ ಮಾತ್ರ, ಆವಿಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕಾರ್ಟ್ರಿಡ್ಜ್ ಮಾಸ್ಕಲ್ಲಿ ನನಗೆ 3ಎಂ 6200 ಬಿಟ್ಟು ಬೇರೆ ಯಾವುದೂ ಮುಖಕ್ಕೆ ಸರಿಯಾಗಿ ಕೂತಿಲ್ಲ, 6001 ಕಾರ್ಟ್ರಿಡ್ಜ್ ಹಾಕಿ ಥಿನ್ನರ್ ಕೆಲಸಕ್ಕೆ ಧೈರ್ಯವಾಗಿ ಬಳಸ್ತೀನಿ. ಆದರೆ ಎಂಡಿಸಿ ಆ ಕಾರ್ಟ್ರಿಡ್ಜ್ ಒಳಗಿನ ಇದ್ದಿಲನ್ನ ಬೇಗ ದಾಟಿ ಬರುತ್ತೆ. ಅದಕ್ಕೆ ಹೊರಗಿಂದ ಪೈಪಲ್ಲಿ ಗಾಳಿ ಕೊಡೋ ಮಾಸ್ಕೇ ಬೇಕು, ಮನೆಯಲ್ಲಿ ಯಾರ ಹತ್ತಿರ ಇರುತ್ತೆ? ನೀಲಿ ನೈಟ್ರೈಲ್ ಗ್ಲೌಸ್ ಇನ್ನೂ ಮೋಸ. ನೋಡೋಕೆ ಹಾಗೇ ಇರುತ್ತೆ, ಕೆಲವೇ ನಿಮಿಷಕ್ಕೆ ಒಳಗೆ ತಲುಪಿರುತ್ತೆ, ಮೊದಲು ತಣ್ಣಗೆ ಆಮೇಲೆ ಉರಿ. ತಕ್ಷಣ ಕಿತ್ತೆಸೆದು ಕೈ ತೊಳೀಬೇಕು.

ಹಾಗಾದರೆ ಪೇಂಟ್ ತೆಗೆಯೋದು ಹೇಗೆ? ನಾನು ಹತ್ತು ವರ್ಷದಿಂದ ಬೆಂಜೈಲ್ ಆಲ್ಕೋಹಾಲ್ ರಿಮೂವರ್ ಬಿಟ್ಟು ಬೇರೆ ಮುಟ್ಟಿಲ್ಲ. ಆನ್‌ಲೈನಲ್ಲಿ ಸಿಗುತ್ತೆ, ಬೆಲೆ ಜಾಸ್ತಿ, ನಿಧಾನ. "ಕೆಲಸ ಮಾಡಲ್ಲ" ಅಂತ ಬೈಯೋರೆಲ್ಲ ಹತ್ತು ನಿಮಿಷಕ್ಕೆ ಕೆರೆದು ನೋಡಿದವರು. ಮೊದಲು 80 ನಂಬರ್ ಎಮರಿ ಪೇಪರ್ ನೀರಲ್ಲಿ ಅದ್ದಿ ಮೇಲ್ಪದರಕ್ಕೆ ಗೀರು ಹಾಕಿ, ಒಣಗಿಸಿ. ಎರಡು ಮಿಲಿಮೀಟರ್ ದಪ್ಪ ಬಳಿಯಿರಿ, ಒಂದೇ ದಿಕ್ಕಿಗೆ, ಮತ್ತೆ ಮತ್ತೆ ಬ್ರಷ್ ಆಡಿಸಬೇಡಿ. ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಗಾಳಿ ಇಲ್ಲದ ಹಾಗೆ ಸುತ್ತಿ, ಹಳೇ ಬೆಡ್‌ಶೀಟ್ ಮುಚ್ಚಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪ್ಲಾಸ್ಟಿಕ್ ಸ್ಕ್ರೇಪರಿಗೆ ಹಾಲಿನ ಕೆನೆ ಥರ ಬರುತ್ತೆ. ಯೆಜ್ಡಿಯ ಫ್ಯಾಕ್ಟರಿ ಪೇಂಟಿಗೆ ಒಂದು ರಾತ್ರಿ ಸಾಕು, ಮೇಲೆ ಯಾರಾದರೂ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಸಿದ್ದರೆ ಎರಡು. ಚಳಿಗಾಲದಲ್ಲಿ ಇನ್ನೂ ತಡ. ಇದೂ ಕಣ್ಣಿಗೆ ಚರ್ಮಕ್ಕೆ ಉರಿ, ಬ್ಯುಟೈಲ್ ರಬ್ಬರ್ ಗ್ಲೌಸ್, ಕನ್ನಡಕ ಬೇಕು, ಬಾಗಿಲು ತೆರೆದಿರಲಿ. ಆದರೆ ಕುದಿಯೋದು 205 ಡಿಗ್ರಿಗೆ, ಹಾಗಾಗಿ ಕೋಣೆ ತುಂಬಿ ಆಳು ಬೀಳಿಸೋ ಹಾಗೆ ಆವಿ ಏಳಲ್ಲ.

ಹೀಟ್ ಗನ್ ಹಿಡೀರಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಸಾರ್, ಅದು ಪೆಟ್ರೋಲ್ ಟ್ಯಾಂಕು. ಖಾಲಿ ಟ್ಯಾಂಕಲ್ಲಿ ಉಳಿದ ಆವಿಯೇ ಸಿಡಿಯೋದು. ಮಡ್‌ಗಾರ್ಡ್‌ಗೆ ಬೇಕಾದರೆ ಹಿಡೀರಿ, ಅದೂ ಹಳೇ ಕೆಂಪು, ಹಳದಿ ಬಣ್ಣದಲ್ಲಿ ಸೀಸ ಇರಬಹುದು ಅನ್ನೋದು ನೆನಪಿಟ್ಟು. ಒಣ ಎಮರಿ ಹೊಡೀಬೇಡಿ, ನೀರು ಹಾಕಿಯೇ ತಿಕ್ಕಿ, ಆ ಬಟ್ಟೆಯಲ್ಲೇ ಮಗು ಎತ್ತಿಕೋಬೇಡಿ. ಕಾಸ್ಟಿಕ್ ಸೋಡಾ ಉಕ್ಕಿಗೆ ಸರಿ, ಅಲ್ಯೂಮಿನಿಯಂ ಕವರ್‌ಗಳನ್ನ ಅದರಲ್ಲಿ ಹಾಕಿದರೆ ತಿಂದುಬಿಡುತ್ತೆ.

ಬಾತ್‌ರೂಮಲ್ಲಿ ಈಗ ಇರೋ ಟ್ಯಾಂಕನ್ನ ತರೋಕೆ ಹೋಗಬೇಡಿ, ಮನೆಯವರನ್ನೂ ಕಳಿಸಬೇಡಿ. ಬಾಗಿಲು, ಹೊರಗಿನ ಬಾಗಿಲು, ಎಲ್ಲಾ ತೆಗೆದು, ಹೊರಗೆ ನಿಲ್ಲಿಸಿದ ಟೇಬಲ್ ಫ್ಯಾನಿಂದ ಒಳಕ್ಕೆ ಗಾಳಿ ಹೊಡೆಸಿ ಒಂದೆರಡು ಗಂಟೆ ಬಿಡಿ. ಯಾರಾದರೂ ಒಳಗೆ ಬಿದ್ದರೆ ಎತ್ತೋಕೆ ನುಗ್ಗಿದವರೂ ಬೀಳ್ತಾರೆ. ನನ್ನ ಹೆಂಡತಿಗೆ ಅರ್ಧ ನಿಮಿಷಕ್ಕೇ ತಲೆ ತಿರುಗಿತ್ತು. ಕೆರೆದ ಪೇಂಟನ್ನ ಮೋರಿಗೆ ಸುರಿಯಬೇಡಿ, ಎಂಡಿಸಿ ನೀರಿಗಿಂತ ಭಾರ, ತಳಕ್ಕಿಳಿದು ಬೋರ್‌ವೆಲ್ ನೀರಿಗೆ ಸೇರುತ್ತೆ. ಸುಡಲೂ ಬೇಡಿ. ಮುಚ್ಚಳ ಇರೋ ತಗಡಿನ ಡಬ್ಬಕ್ಕೆ ತುಂಬಿ ಹೊರಗೆ ನೆರಳಲ್ಲಿಡಿ. ಉಳಿದ ರಿಮೂವರ್ ಡಬ್ಬ ಬಿಸಿಲಲ್ಲಿ ಉಬ್ಬಿದ್ದರೆ, ತಣ್ಣಗಾದ ಮೇಲೆ ಬಟ್ಟೆ ಮುಚ್ಚಿ, ಮುಖ ದೂರ ಇಟ್ಟು ನಿಧಾನಕ್ಕೆ ತಿರುಗಿಸಿ.

ಬ್ರೇಕ್ ಕ್ಲೀನರ್ ಬಗ್ಗೆಯೂ ಹೇಳಿಬಿಡ್ತೀನಿ. ಕ್ಲೋರಿನೇಟೆಡ್ ಅಂತ ಡಬ್ಬದ ಮೇಲಿದ್ದರೆ ಅದರಿಂದ ಒರೆಸಿದ ಸೈಲೆನ್ಸರನ್ನ ವೆಲ್ಡಿಂಗಿಗೆ ಕೊಡಬೇಡಿ, ಅಲ್ಲೂ ಅದೇ ಫಾಸ್ಜೀನ್. ಥಿನ್ನರನ್ನ ಬಿಸ್ಲೇರಿ ಬಾಟಲಿಯಲ್ಲಿ ಇಡೋರು ಈ ಗುಂಪಲ್ಲೇ ಇದ್ದೀರಿ, ಫೋಟೋಗಳಲ್ಲಿ ನೋಡಿದ್ದೀನಿ. ಮಕ್ಕಳಿರೋ ಮನೆ ಸ್ವಾಮಿ, ಇವತ್ತೇ ಬದಲಾಯಿಸಿ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ, ನೇರ ಆಸ್ಪತ್ರೆ.

ಬ್ರದರ್, ಡಬ್ಬದ ಹಿಂಭಾಗದ ಫೋಟೋ ಹಾಕಿ, ತಲೆ ಈಗ ಹೇಗಿದೆ ಅಂತಲೂ ಬರೀರಿ. ಇವತ್ತು ರಾತ್ರಿ ಒಬ್ಬರೇ ಮಲಗಬೇಡಿ.